ಎಂಟು ಎಸಳಿಗೆ ಒಂದೇ ಗೂಟ

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಮದುವೆ, ಗೃಹಪ್ರವೇಶದ ಆಮಂತ್ರಣ ವಿಡಿಯೊ ಮಾಡುತ್ತೇನೆ. ಚಿತ್ರಗಳಿಗೆ ಚಲನೆ ಕೊಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್ ಹಿಡಿದು ಎಂಟು ತಿಂಗಳಾಯಿತು. ದೀಪಾವಳಿಗೆಂದು ಒಂದು ರಂಗೋಲಿ ಹೂವು ಮಾಡುತ್ತಿದ್ದೇನೆ. ಪೆನ್ ಟೂಲ್‌ನಲ್ಲಿ ಒಂದು ಎಸಳು ಬರೆದೆ. ಆಂಕರ್ ಪಾಯಿಂಟ್ ಅನ್ನು ಎಸಳಿನ ಬುಡಕ್ಕೆ ತಂದು, ಒಂದೇ ಆಕಾರದ ಹಲವು ಪ್ರತಿ ಮಾಡುವ ರಿಪೀಟರ್ ಹಾಕಿದೆ. ಎಸಳುಗಳು ಬುಡದಲ್ಲಿ ಕೂಡಿಕೊಳ್ಳುವ ಬದಲು ಇನ್ನೆಲ್ಲೋ ಚೆಲ್ಲಾಪಿಲ್ಲಿಯಾದವು. ಆಮೇಲೆ ಎಂಟು ಲೇಯರ್ ಮಾಡಿ ನಲ್‌ಗೆ (ವಿಡಿಯೊದಲ್ಲಿ ಕಾಣದ ಖಾಲಿ ಲೇಯರ್) ಕಟ್ಟಿದೆ. ಹೂವು ತಿರುಗುತ್ತದೆ, ಆದರೆ ಎಸಳಿನ ತುದಿಗಿಟ್ಟ ಪಣತಿಗಳೂ ತಲೆಕೆಳಗಾಗುತ್ತವೆ! ನಡುವಿನ ಐದು ಮೂಲೆ ನಕ್ಷತ್ರ ತಿರುಗುವಾಗ ತೂರಾಡುತ್ತದೆ. ಲೂಪ್ ಮಾಡಿದರೆ ಸುತ್ತು ಮುಗಿಯುವಲ್ಲಿ ಸಣ್ಣ ತಡೆ ಕಾಣುತ್ತದೆ. ಇದೇ ಹೂವನ್ನು ಎಸ್‌ವಿಜಿ (ವೆಬ್‌ಗೆ ಬಳಸುವ ಗೆರೆಚಿತ್ರದ ಫೈಲ್) ಮಾಡಿ ವೆಬ್ ಆಮಂತ್ರಣಕ್ಕೆ ಹಾಕಿದರೆ ಮೂಲೆಗೆ ಹಾರಿಹೋಗುತ್ತದೆ. ಎಲ್ಲವೂ ಒಂದೇ ಕೇಂದ್ರದ ಸುತ್ತ ನೆಟ್ಟಗೆ ತಿರುಗುವಂತೆ ಮಾಡುವುದು ಹೇಗೆ?

ಉತ್ತರ: ಮೊದಲ ತೊಂದರೆಯನ್ನೇ ಮೊದಲು ಬಿಡಿಸೋಣ. ಉಳಿದವು ಹೆಚ್ಚುಕಡಿಮೆ ಅದರ ಮರಿಗಳೇ. ನೀವು ಸರಿಸಿದ್ದು ಒಂದು ಗೂಟ. ರಿಪೀಟರ್ ಸುತ್ತುತ್ತಿರುವುದು ಇನ್ನೊಂದು ಗೂಟವನ್ನು. ಬೀಸುಕಲ್ಲಿನ ನಡುವೆ ಒಂದು ಗೂಟ ಇರುತ್ತದಲ್ಲ, ಮೇಲಿನ ಕಲ್ಲು ಅದನ್ನು ಬಿಟ್ಟು ಆಚೆ ಹೋಗುವುದಿಲ್ಲ. ಆಂಕರ್ ಪಾಯಿಂಟ್ ಅಂದರೆ ಅದೇ ಗೂಟ. ಬೀಸುಕಲ್ಲಿಗೆ ಗೂಟ ಒಂದೇ, ಹಾಗಾಗಿ ಗೊಂದಲ ಇಲ್ಲ. ಶೇಪ್ ಲೇಯರ್‌ನಲ್ಲಿ ಮೂರು ಗೂಟಗಳಿವೆ. ಮೂರಕ್ಕೂ ಆಂಕರ್ ಪಾಯಿಂಟ್ ಅಂತಲೇ ಹೆಸರು. ಹೊಸಬರು ಬೀಳುವ ಗುಂಡಿ ಇದೇ.

ಒಂದು, ಲೇಯರ್‌ನ ಗೂಟ. ನೀವು ವೈ ಕೀ ಒತ್ತಿ ಎಳೆದಾಗ ಸರಿಯುವುದು ಇದು. ಇನ್ನೊಂದು, ಒಳಗಿನ ಗ್ರೂಪಿನದು. ಲೇಯರ್‌ನ ಕಂಟೆಂಟ್ಸ್ ಬಿಚ್ಚಿ, ಶೇಪ್ 1 ಬಿಚ್ಚಿದರೆ ‘ಟ್ರಾನ್ಸ್‌ಫಾರ್ಮ್: ಶೇಪ್ 1’ ಅಂತ ಸಿಗುತ್ತದೆ, ಅದರೊಳಗೆ ಇದೆ. ಮೂರನೆಯದು ರಿಪೀಟರ್‌ದು. ಅದು ‘ಟ್ರಾನ್ಸ್‌ಫಾರ್ಮ್: ರಿಪೀಟರ್ 1’ ಒಳಗೆ ಅಡಗಿ ಕೂತಿರುತ್ತದೆ. ಅದನ್ನು ತೆರೆದು ನೋಡುವವರು ಕಡಿಮೆ.

ಈಗ ನಿಮ್ಮ ಫೈಲಿನಲ್ಲಿ ಏನಾಗಿರಬಹುದು ನೋಡೋಣ. ಕಂಪ್, ಅಂದರೆ ನೀವು ಕೆಲಸ ಮಾಡುವ ಚೌಕಟ್ಟು, 1920ಕ್ಕೆ 1080 ಪಿಕ್ಸೆಲ್ ಅಂದುಕೊಳ್ಳಿ. ಪ್ರಿಫರೆನ್ಸ್ ಏನೂ ಬದಲಿಸದಿದ್ದರೆ, ಹೊಸ ಶೇಪ್ ಲೇಯರ್‌ನ ಪೊಸಿಶನ್ 960, 540. ಅಂದರೆ ಕಂಪ್‌ನ ನಟ್ಟನಡುವೆ. ಆಂಕರ್ ಪಾಯಿಂಟ್ 0, 0. ನೀವು ಎಸಳನ್ನು ನಡುವಿನಲ್ಲಿ ಬರೆದಿಲ್ಲ, ಸ್ವಲ್ಪ ಬಲಕ್ಕೆ, ಮೇಲಕ್ಕೆ ಬರೆದಿದ್ದೀರಿ. ಆಮೇಲೆ ವೈ ಟೂಲ್ ಹಿಡಿದು ಗುರುತನ್ನು ಎಸಳಿನ ಬುಡಕ್ಕೆ ಎಳೆದಿದ್ದೀರಿ. ಆಗ ಆಂಕರ್ ಪಾಯಿಂಟ್ 210, -140 ಆಯಿತು ಅನ್ನಿ. ಜೊತೆಗೇ ಪೊಸಿಶನ್ 1170, 400 ಆಗುತ್ತದೆ. ಎಸಳು ಇದ್ದಲ್ಲಿಂದ ಹಾರಬಾರದು ಅಂತ ಸಾಫ್ಟ್‌ವೇರ್ ತಾನೇ ಎರಡನ್ನೂ ಸರಿದೂಗಿಸುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆ ಲೇಯರನ್ನು ತಿರುಗಿಸಿದರೆ ಬುಡದ ಸುತ್ತ ಚಂದವಾಗಿಯೇ ತಿರುಗುತ್ತದೆ. ಆದರೆ ರಿಪೀಟರ್‌ನ ಗೂಟ ಮಾತ್ರ ಲೇಯರ್ ಒಳಗಿನ 0, 0ರಲ್ಲೇ ಉಳಿದಿದೆ, ಕಂಪ್‌ನ ನಡುವೆ. ನೀವು ಗುರುತನ್ನು ಸರಿಸಿದ ಸುದ್ದಿಯೇ ಅದಕ್ಕೆ ಮುಟ್ಟಿಲ್ಲ.

ದುರಸ್ತಿ ಸುಲಭ. ಆಂಕರ್ ಪಾಯಿಂಟ್‌ನ ಆ ಎರಡು ಸಂಖ್ಯೆ, ಅಂದರೆ 210, -140, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಲೇಯರ್‌ನ ಆಂಕರನ್ನು ಮತ್ತೆ 0, 0 ಮಾಡಿ, ಪೊಸಿಶನ್ 960, 540 ಮಾಡಿ. ಈಗ ಒಳಗಿನ ‘ಟ್ರಾನ್ಸ್‌ಫಾರ್ಮ್: ಶೇಪ್ 1’ಕ್ಕೆ ಹೋಗಿ. ಅಲ್ಲಿನ ಆಂಕರ್ ಪಾಯಿಂಟ್‌ಗೆ ಚೀಟಿಯ ಸಂಖ್ಯೆಗಳನ್ನು ಹಾಕಿ. ಅಲ್ಲಿನ ಪೊಸಿಶನ್ 0, 0 ಇರಲಿ, ಮುಟ್ಟಬೇಡಿ. ಎಸಳು ಜಾರಿಕೊಂಡು ಬಂದು, ಬುಡ ಸರಿಯಾಗಿ ಕಂಪ್‌ನ ನಡುವೆ ಕೂರುತ್ತದೆ. ಈಗ ಲೇಯರ್, ಗ್ರೂಪ್, ರಿಪೀಟರ್ ಮೂರರ ಗೂಟವೂ ಒಂದೇ ತೂತಿನಲ್ಲಿದೆ. ಅಂಗಳದಲ್ಲಿ ರಂಗೋಲಿ ಹಾಕುವವರು ಮೊದಲು ನಡುವಿನ ಚುಕ್ಕಿ ಇಟ್ಟು ಆಮೇಲೆ ಎಸಳಿಗೆ ಕೈ ಹಾಕುತ್ತಾರಲ್ವಾ? ನಾವು ಎಸಳು ಬರೆದು ಆಮೇಲೆ ಚುಕ್ಕಿ ಹುಡುಕುತ್ತೇವೆ.

ಇನ್ನು ರಿಪೀಟರ್. ಹಾಕಿದ ತಕ್ಷಣ ಅದು ಮೂರು ಪ್ರತಿ ಕೊಡುತ್ತದೆ, ಒಂದೊಂದನ್ನೂ 100 ಪಿಕ್ಸೆಲ್ ಬಲಕ್ಕೆ ತಳ್ಳಿ. ಆ 100 ನಮಗೆ ಬೇಡ. ಅದನ್ನು ಹಾಗೇ ಬಿಟ್ಟು ರೊಟೇಶನ್ ಕೊಟ್ಟರೆ ಎಸಳುಗಳು ಬಸವನಹುಳದ ಹಾಗೆ ಸುತ್ತಿಕೊಂಡು ಹೋಗುತ್ತವೆ. ನೀವು ಚೆಲ್ಲಾಪಿಲ್ಲಿ ಅಂದದ್ದರಲ್ಲಿ ಇದರ ಪಾಲೂ ಇರಬೇಕು. ರಿಪೀಟರ್‌ನ ಪೊಸಿಶನ್ 0, 0 ಮಾಡಿ. ಕಾಪೀಸ್ 8. ರೊಟೇಶನ್ ಜಾಗದಲ್ಲಿ 45 ಅಂತ ಲೆಕ್ಕ ಹಾಕಿ ಬರೆಯುವ ಬದಲು 360/8 ಅಂತಲೇ ಟೈಪ್ ಮಾಡಿ. ಭಾಗಾಕಾರ ಅದೇ ಮಾಡಿಕೊಳ್ಳುತ್ತದೆ. ಎಂಟಕ್ಕೆ ಇದರ ಲಾಭ ಗೊತ್ತಾಗುವುದಿಲ್ಲ, ಏಳು ಎಸಳು ಮಾಡುವಾಗ ಗೊತ್ತಾಗುತ್ತದೆ. 51 ಅಂತ ಹಾಕಿದರೆ ಏಳು ಸೇರಿ 357 ಡಿಗ್ರಿ. ಕೊನೆಯ ಎಸಳಿಗೂ ಮೊದಲಿನದಕ್ಕೂ ನಡುವೆ ಮೂರು ಡಿಗ್ರಿ ಸಂದು. ಚಿಕ್ಕದಾಗಿ ಇದ್ದಾಗ ಯಾರೂ ನೋಡುವುದಿಲ್ಲ, ದೊಡ್ಡ ಪರದೆಯಲ್ಲಿ ಅದೊಂದೇ ಕಾಣುತ್ತದೆ.

ರಿಪೀಟರ್ ಎಲ್ಲಿ ಕೂತಿದೆ ಅಂತಲೂ ನೋಡಿ. ಅದು ಶೇಪ್ 1 ಗ್ರೂಪಿನ ಹೊರಗೆ, ಅದರ ಕೆಳಗೆ ಇರಬೇಕು. ಆಡ್ ಬಟನ್ ಒತ್ತುವಾಗ ಗ್ರೂಪ್ ಸೆಲೆಕ್ಟ್ ಆಗಿದ್ದರೆ ಅದು ಒಳಗೇ ಹೋಗಿ ಸೇರಿಕೊಳ್ಳುತ್ತದೆ. ಆಗ ಮೊದಲು ಪ್ರತಿಗಳಾಗಿ, ಆಮೇಲೆ ಗ್ರೂಪಿನ ಗೂಟ ಇಡೀ ಹೂವಿಗೆ ಅನ್ವಯಿಸುತ್ತದೆ. ನಾವು ಇಷ್ಟು ಹೊತ್ತು ಮಾಡಿದ್ದೆಲ್ಲ ತಲೆಕೆಳಗು. ಹೊರಗೆ ಎಳೆದು ಬಿಡಿ, ಸರಿಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದು ತಿಳಿಯದೆ ನಾನೇ ಮೊದಲ ವರ್ಷವೆಲ್ಲ ಕಷ್ಟಪಟ್ಟಿದ್ದೇನೆ. ಪೆನ್‌ನಲ್ಲಿ ಬರೆದ ಎಸಳೂ ಎಲಿಪ್ಸ್ ಟೂಲ್‌ನಲ್ಲಿ ಎಳೆದ ಎಸಳೂ ಒಳಗೆ ಒಂದೇ ರೀತಿ ಇರುವುದಿಲ್ಲ. ಎಲಿಪ್ಸ್ ಎಳೆದರೆ ಅದರ ಗ್ರೂಪಿನ ಗೂಟ ಎಲಿಪ್ಸಿನ ನಡುವಿಗೇ ಬಂದಿರುತ್ತದೆ. ಎಷ್ಟು ದೂರ ಎಳೆದಿರಿ ಅನ್ನುವುದು ಗ್ರೂಪಿನ ಪೊಸಿಶನ್‌ನಲ್ಲಿ ಜಮಾ ಆಗುತ್ತದೆ. ಪೆನ್‌ನಲ್ಲಿ ಹಾಗಲ್ಲ. ಗ್ರೂಪಿನ ಪೊಸಿಶನ್ 0, 0ರಲ್ಲೇ ಇರುತ್ತದೆ, ದೂರವೆಲ್ಲ ಪಾಥ್‌ನ ಬಿಂದುಗಳೊಳಗೇ ಸೇರಿರುತ್ತದೆ. ಅದಕ್ಕೇ ಯಾರದೋ ಪಾಠ ನೋಡಿ ಅವರು ಎಲಿಪ್ಸಿಗೆ ಮಾಡಿದ್ದನ್ನು ನೀವು ಪೆನ್ ಎಸಳಿಗೆ ಮಾಡಿದರೆ ಫಲ ಬೇರೆ ಬರುತ್ತದೆ. ಇಬ್ಬರೂ ತಪ್ಪು ಮಾಡಿಲ್ಲ.

ಅಭ್ಯಾಸಕ್ಕೆ ಎಲಿಪ್ಸ್‌ನಲ್ಲೇ ಒಂದು ಹೂವು ಮಾಡಿ ನೋಡಿ. ಎಲಿಪ್ಸ್‌ನ ಅಳತೆ 120ಕ್ಕೆ 260. ಗ್ರೂಪಿನ ಪೊಸಿಶನ್ 0, -180. ವೈ ಮೈನಸ್ ಅಂದರೆ ಮೇಲೆ. ಶಾಲೆಯ ಗ್ರಾಫಿಗೆ ಉಲ್ಟಾ. ಎಸಳಿನ ಬುಡ ಕೇಂದ್ರದಿಂದ 50 ಪಿಕ್ಸೆಲ್ ದೂರ, ತುದಿ 310 ಪಿಕ್ಸೆಲ್ ದೂರ. ರಿಪೀಟರ್ ಎಂಟು. ಬುಡದ ಹತ್ತಿರ ಎಸಳುಗಳು ಒಂದರ ಮೇಲೊಂದು ತುಸು ಹತ್ತುತ್ತವೆ, ರಂಗೋಲಿಗೆ ಅದೇ ಚಂದ. ಈಗ ಮೂರು ಕಡೆಯ ರೊಟೇಶನ್ ಒಂದೊಂದಾಗಿ ಎಳೆದು ನೋಡಿ. ಗ್ರೂಪಿನ ರೊಟೇಶನ್ ಎಳೆದರೆ ಎಂಟೂ ಎಸಳು ನಿಂತಲ್ಲೇ ತಮ್ಮ ಸುತ್ತ ತಿರುಗುತ್ತವೆ. ರಿಪೀಟರ್‌ನ ರೊಟೇಶನ್ ಅನ್ನು 0ಯಿಂದ 45ಕ್ಕೆ ತಂದರೆ, ಒಂದರ ಹಿಂದೆ ಅಡಗಿದ್ದ ಎಸಳುಗಳು ನವಿಲು ಗರಿ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತವೆ. ಲೇಯರ್‌ನ ರೊಟೇಶನ್ ಇಡೀ ಹೂವಿಗೆ. ಗ್ರೂಪಿನ ಪೊಸಿಶನ್ ಅನ್ನು 0, 0ಯಿಂದ 0, -180ಕ್ಕೆ ಕೀಫ್ರೇಮ್ ಮಾಡಿದರೆ, ಅಂದರೆ ಎರಡು ಹೊತ್ತಿಗೆ ಈ ಎರಡು ಜಾಗ ಗುರುತಿಟ್ಟರೆ, ಹೂವು ಅರಳುತ್ತದೆ. ನಿಮ್ಮ ಆಮಂತ್ರಣಕ್ಕೆ ನನ್ನ ಆಯ್ಕೆ ಕೊನೆಯ ಎರಡು. ಮೊದಲು ಅರಳಲಿ, ಆಮೇಲೆ ನಿಧಾನಕ್ಕೆ ತಿರುಗಲಿ. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ವಧೂವರರ ಹೆಸರು ಯಾರೂ ಓದುವುದಿಲ್ಲ.

ಎಸಳುಗಳು ಜಾಸ್ತಿ ಹತ್ತಿಕೊಂಡಿದ್ದು, ಬಣ್ಣ ಗಟ್ಟಿಯಾಗಿದ್ದರೆ ಒಂದು ಕೊರತೆ ಕಾಣುತ್ತದೆ. ಪ್ರತಿ ಎಸಳೂ ಪಕ್ಕದ್ದರ ಕೆಳಗೆ ಹೋಗುತ್ತಾ ಬಂದು, ಮೊದಲ ಎಸಳು ಮಾತ್ರ ಎರಡೂ ಕಡೆಯವನ್ನು ಮುಚ್ಚಿ ಯಜಮಾನನ ಹಾಗೆ ಮೇಲೆ ಕೂತಿರುತ್ತದೆ. ರಿಪೀಟರ್‌ನಲ್ಲಿ ಇದಕ್ಕೆ ಉಪಾಯ ಇಲ್ಲ. ಲೇಯರನ್ನು ಇನ್ನೊಂದು ಪ್ರತಿ ಮಾಡಿ, ಕೊನೆಯ ಎಸಳಿನ ಅರ್ಧ ಮಾತ್ರ ಕಾಣುವಂತೆ ಮಾಸ್ಕ್ ಹಾಕಿ ಮೇಲಿಡುವುದೇ ದಾರಿ.

ರಿಪೀಟರ್‌ಗೆ ಸುಲಭವಾಗಿ ಆಗದ ಇನ್ನೊಂದು ಕೆಲಸ ಇದೆ. ಒಂದೊಂದು ಎಸಳೂ ಬೇರೆ ಬೇರೆ ಹೊತ್ತಿಗೆ ಅರಳಬೇಕು, ಅಥವಾ ಒಂದೊಂದರ ಮೇಲೂ ಬೇರೆ ಚಿತ್ರ ಇರಬೇಕು ಅಂದರೆ ಅದು ಒಲ್ಲೆ ಅನ್ನುತ್ತದೆ. ಎಂಟೂ ಪ್ರತಿ ಅದಕ್ಕೆ ಒಂದೇ ಜೀವ. ಆಗ ಬೇರೆ ಬೇರೆ ಲೇಯರ್ ಮಾಡಿ ನಲ್‌ಗೆ ಕಟ್ಟಲೇಬೇಕು. ನೀವು ಮಾಡಿದ್ದು ಸರಿ. ಎರಡು ಎಚ್ಚರಿಕೆ ಮಾತ್ರ. ನಲ್ ಅನ್ನು ಮೊದಲು ಅದರ ಜಾಗದಲ್ಲಿ ಇಟ್ಟು, ಆಮೇಲೆ ಲೇಯರ್‌ಗಳನ್ನು ಕಟ್ಟಿ. ಕಟ್ಟಿದ ಮೇಲೆ ನಲ್ ಸರಿಸಿದರೆ ಕರುಗಳ ಹಾಗೆ ಎಲ್ಲವೂ ಹಿಂದೆ ಬರುತ್ತವೆ. ಇನ್ನು, ನಲ್‌ನ ಕೆಂಪು ಚೌಕ ನೋಡಿ ಮೋಸ ಹೋಗಬೇಡಿ. ಎಷ್ಟೋ ವರ್ಷನ್‌ಗಳಲ್ಲಿ ಅದರ ಗೂಟ ಚೌಕದ ನಡುವೆ ಇರುವುದಿಲ್ಲ, ಮೇಲಿನ ಎಡ ಮೂಲೆಯಲ್ಲಿರುತ್ತದೆ. ಚೌಕವನ್ನು ನಡುವೆ ಕೂರಿಸಲು ಹೋದರೆ ಗೂಟ 50 ಪಿಕ್ಸೆಲ್ ಆಚೆ ಹೋಗುತ್ತದೆ. ಆಂಕರ್ ಗುರುತನ್ನು ಮಾತ್ರ ನೋಡಿ.

ಈಗ ಪಣತಿ. ನಿಮ್ಮ ಕಡೆ ಹಂತಿ, ಅಂದರೆ ಎತ್ತುಗಳಿಂದ ತೆನೆ ತುಳಿಸುವುದು, ನೋಡಿರುತ್ತೀರಿ, ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಕಣದ ನಡುವೆ ಮೇಟಿ, ಅದರ ಸುತ್ತ ಎತ್ತು. ಎತ್ತು ಸುತ್ತು ಹೊಡೆಯುತ್ತಾ ಮುಖವನ್ನೂ ತಿರುಗಿಸುತ್ತಾ ಹೋಗುತ್ತದೆ. ಮೂಡಣಕ್ಕೆ ಮುಖ ಮಾಡಿದ್ದು ಅರ್ಧ ಸುತ್ತಿಗೆ ಪಡುವಣಕ್ಕೆ ಮುಖ ಮಾಡುತ್ತದೆ. ಜಾತ್ರೆಯ ದೊಡ್ಡ ತೊಟ್ಟಿಲು ಹಾಗಲ್ಲ. ಅದೂ ಒಂದು ಅಚ್ಚಿನ ಸುತ್ತಲೇ ತಿರುಗುತ್ತದೆ, ಆದರೆ ಒಳಗೆ ಕೂತವರ ತಲೆ ಸದಾ ಮೇಲೇ ಇರುತ್ತದೆ. ಪೇರೆಂಟಿಂಗ್, ಅಂದರೆ ಹೀಗೆ ನಲ್‌ಗೆ ಕಟ್ಟುವುದು, ಯಾವಾಗಲೂ ಎತ್ತಿನ ಸುತ್ತಾಟ ಕೊಡುತ್ತದೆ. ನಿಮಗೆ ಬೇಕಾದದ್ದು ತೊಟ್ಟಿಲಿನದು. ಅಂದರೆ ನಲ್ ಎಷ್ಟು ಬಲಕ್ಕೆ ತಿರುಗಿತೋ ಪಣತಿ ಅಷ್ಟೇ ಎಡಕ್ಕೆ ತಿರುಗಬೇಕು.

ಇದಕ್ಕೆ ಕೀಫ್ರೇಮ್ ಹಾಕಬೇಡಿ. ನಾಳೆ ವೇಗ ಬದಲಿಸಿದರೆ ಎಂಟೂ ಪಣತಿಗೆ ಮತ್ತೆ ಕೂರಬೇಕಾಗುತ್ತದೆ. ನಲ್‌ನ ರೊಟೇಶನ್ 0 ಇರುವಾಗಲೇ ಪಣತಿಗಳನ್ನು ನೇರವಾಗಿ ಇಟ್ಟು ಅದಕ್ಕೆ ಕಟ್ಟಿ. ಪಣತಿಯ ರೊಟೇಶನ್ ಪಕ್ಕದ ಸ್ಟಾಪ್‌ವಾಚ್ ಮೇಲೆ ಆಲ್ಟ್ ಹಿಡಿದು ಕ್ಲಿಕ್ ಮಾಡಿ. ಎಕ್ಸ್‌ಪ್ರೆಶನ್, ಅಂದರೆ ಸಣ್ಣ ಸೂತ್ರ, ಬರೆಯುವ ಜಾಗ ತೆರೆಯುತ್ತದೆ. ಅಲ್ಲಿನ ಸುರುಳಿ ಗುರುತನ್ನು ಎಳೆದು ನಲ್‌ನ ರೊಟೇಶನ್ ಮೇಲೆ ಬಿಡಿ. ಒಂದು ಸಾಲು ತಾನೇ ಬರೆದುಕೊಳ್ಳುತ್ತದೆ. ಅದರ ಮುಂದೆ ಒಂದು ಮೈನಸ್ ಹಾಕಿ. ಮುಗಿಯಿತು. ಆ ಎಕ್ಸ್‌ಪ್ರೆಶನ್ನನ್ನು ಉಳಿದ ಏಳಕ್ಕೂ ಪೇಸ್ಟ್ ಮಾಡಿ. ಪಣತಿಯ ಸ್ವಂತ ಗೂಟ ಅದರ ತಳದಲ್ಲಿರಲಿ, ಎಸಳಿನ ತುದಿಯನ್ನು ಮುಟ್ಟುವ ಜಾಗದಲ್ಲಿ. ಪಣತಿಯ ನಡುವೆ ಇದ್ದರೆ ಸುತ್ತುವಾಗ ಒಮ್ಮೆ ಎಸಳಿಗೆ ಹುಗಿದುಕೊಂಡು, ಒಮ್ಮೆ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ.

ಹಂತಿಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಮೇಟಿಯ ಪಕ್ಕದ ಎತ್ತು ಬಹುತೇಕ ನಿಂತಲ್ಲೇ ತಿರುಗುತ್ತದೆ, ಹೊರಗಿನದು ಓಡಬೇಕು. ನಿಮ್ಮ ಹೂವು 8 ಸೆಕೆಂಡಿಗೆ ಒಂದು ಸುತ್ತು ಬಂದರೆ, ಎಸಳಿನ ಬುಡ ಸೆಕೆಂಡಿಗೆ ಸುಮಾರು 39 ಪಿಕ್ಸೆಲ್ ಹೋಗುತ್ತದೆ, ತುದಿ ಸುಮಾರು 243. ತುದಿಯಲ್ಲಿ ಸಣ್ಣ ಚುಕ್ಕಿ, ತೆಳು ಗೆರೆ ಇಟ್ಟಿದ್ದರೆ ಅವು ಮೊದಲು ಅದುರಿದಂತೆ ಕಾಣುತ್ತವೆ. ಅದಕ್ಕೇ ಮೋಶನ್ ಬ್ಲರ್ (ಚಲನೆಯ ಮಸುಕು) ಹಾಕಿ, ಅಥವಾ ಸೂಕ್ಷ್ಮ ಕೆಲಸವನ್ನೆಲ್ಲ ಕೇಂದ್ರದ ಕಡೆಗೆ ಇಡಿ.

ನಕ್ಷತ್ರದ ವಿಷಯಕ್ಕೆ ಬರೋಣ. ನನಗೆ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಇಲ್ಲಿ ಮೋಸ ಮಾಡುವುದು ನಾವು ನಂಬಿರುವ ಶಾರ್ಟ್‌ಕಟ್. ಕಂಟ್ರೋಲ್, ಆಲ್ಟ್, ಹೋಮ್ ಒತ್ತಿದರೆ ಗೂಟ ಆಕಾರದ ನಡುವಿಗೆ ಬರುತ್ತದೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಬರುವುದು ನಿಜ, ಆದರೆ ಯಾವ ನಡು? ಆಕಾರದ ಸುತ್ತ ಒಂದು ಚೌಕಟ್ಟು ಎಳೆದರೆ ಆ ಚೌಕಟ್ಟಿನ ನಡು. ವೃತ್ತ, ಚೌಕ, ಆರು ಮೂಲೆ, ಎಂಟು ಎಸಳಿಗೆ ಆ ನಡುವೂ ಆಕಾರದ ನಿಜ ಕೇಂದ್ರವೂ ಒಂದೇ. ಮೂರು, ಐದು, ಏಳಕ್ಕೆ ಒಂದೇ ಅಲ್ಲ.

ಲೆಕ್ಕ ಹಾಕಿ ನೋಡಿ. ಐದು ಮೂಲೆ ನಕ್ಷತ್ರ, ಕೇಂದ್ರದಿಂದ ತುದಿಗೆ 200 ಪಿಕ್ಸೆಲ್. ಮೇಲಿನ ತುದಿ ಕೇಂದ್ರದಿಂದ 200 ಮೇಲೆ. ಕೆಳಗಿನ ಎರಡು ಕಾಲುಗಳು ಓರೆಯಾಗಿ ಚಾಚಿರುವುದರಿಂದ ಕೇಂದ್ರದಿಂದ 161.8 ಮಾತ್ರ ಕೆಳಗೆ. ಒಟ್ಟು ಎತ್ತರ 361.8. ಅದರ ಅರ್ಧ 180.9. ಅಂದರೆ ಚೌಕಟ್ಟಿನ ನಡುವು ನಿಜವಾದ ಕೇಂದ್ರಕ್ಕಿಂತ 19 ಪಿಕ್ಸೆಲ್ ಮೇಲಿದೆ. ತಿರುಗಿಸಿದಾಗ ನಕ್ಷತ್ರದ ನಿಜ ಕೇಂದ್ರ ಆ ತಪ್ಪು ಗೂಟದ ಸುತ್ತ 19 ಪಿಕ್ಸೆಲ್ ತ್ರಿಜ್ಯದ ಸಣ್ಣ ವೃತ್ತ ಹೊಡೆಯುತ್ತದೆ. ಈ ಬದಿಯಿಂದ ಆ ಬದಿಗೆ 38 ಪಿಕ್ಸೆಲ್ ಓಲಾಟ. ಸಮಬಾಹು ತ್ರಿಕೋನ ಆದರೆ ಇನ್ನೂ ಕೆಟ್ಟದು. 300 ಪಿಕ್ಸೆಲ್ ಎತ್ತರದ ತ್ರಿಕೋನದ ಕೇಂದ್ರ ಬುಡದಿಂದ 100ರಲ್ಲಿದೆ, ಚೌಕಟ್ಟಿನ ನಡುವು 150ರಲ್ಲಿ. 50 ಪಿಕ್ಸೆಲ್ ತಪ್ಪು.

ಇದನ್ನು ನಾನು ಕಲಿತದ್ದು ಒಂದು ಮದುವೆ ಮಂಟಪದಲ್ಲಿ. ಮಂಟಪದ ಹಿಂದಿನ ಎಲ್‌ಇಡಿ ಗೋಡೆಗೆ ಐದು ಎಸಳಿನ ಹೂವು ಮಾಡಿಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಅಂಗೈ ಅಗಲ, ಏನೂ ತಿಳಿದಿರಲಿಲ್ಲ. ಗೋಡೆಯ ಮೇಲೆ ಆಳೆತ್ತರ ಆದಾಗ ಅಚ್ಚು ಸವೆದ ಸೈಕಲ್ ಗಾಲಿಯ ಹಾಗೆ ತೂಗಾಡುತ್ತಿತ್ತು. ಅಕ್ಷತೆ ಹಿಡಿದು ಕೂತಿದ್ದ ಹಿರಿಯರೊಬ್ಬರು ‘ಹೂವ ಯಾಕ ಹಿಂಗ ತೂಗಾಡ್ತದ?’ ಅಂತ ಪಕ್ಕದವರನ್ನು ಕೇಳಿದ್ದು ನನ್ನ ಕಿವಿಗೇ ಬಿತ್ತು. ಊಟಕ್ಕೂ ನಿಲ್ಲದೆ ಬಂದೆ.

ಉಪಾಯ ಏನೆಂದರೆ, ಬೆಸ ಸಂಖ್ಯೆಯ ಆಕಾರಗಳನ್ನು ಪೆನ್‌ನಲ್ಲಿ ಬರೆಯಬೇಡಿ. ಸ್ಟಾರ್ ಅಥವಾ ಪಾಲಿಗಾನ್ ಟೂಲ್‌ನಲ್ಲಿ ಮಾಡಿದರೆ ಅದರ 0, 0 ನಿಜವಾದ ಕೇಂದ್ರದಲ್ಲೇ ಇರುತ್ತದೆ. ಗ್ರೂಪಿನ ಪೊಸಿಶನ್ 0, 0 ಮಾಡಿ, ಲೇಯರ್‌ನ ಆಂಕರ್ 0, 0 ಮಾಡಿ, ಆ ಶಾರ್ಟ್‌ಕಟ್ ಕಡೆ ಕೈ ಹೋಗದಂತೆ ನೋಡಿಕೊಳ್ಳಿ. ಬೇರೆಯವರು ಕೊಟ್ಟ ಫೈಲಿನಿಂದ ನಕ್ಷತ್ರ ಬಂದಿದೆ, ಬರೀ ಪಾಥ್ ಇದೆ ಅಂದರೆ, ಅದರ ಮೇಲೆ ಫಿಲ್ ಇಲ್ಲದ ಒಂದು ವೃತ್ತ ಎಳೆದು ಐದೂ ತುದಿ ಮುಟ್ಟುವ ತನಕ ಸರಿಹೊಂದಿಸಿ. ವೃತ್ತದ ನಡುವೇ ನಕ್ಷತ್ರದ ನಡು. ಗೂಟ ಅಲ್ಲಿಗೆ ತಂದು ವೃತ್ತ ಅಳಿಸಿ.

ಲೂಪಿನ ತಡೆಗೆ ಎರಡು ಕಾರಣ ಇರಬಹುದು. ಒಂದು, ಅಭ್ಯಾಸಬಲದಿಂದ ಎಫ್9 ಒತ್ತಿ ಈಸಿ ಈಸ್ ಹಾಕಿರುತ್ತೀರಿ. ಆಗ ಹೂವು ಪ್ರತಿ ಸುತ್ತಿನ ಕೊನೆಗೆ ನಿಧಾನವಾಗಿ ನಿಂತು ಮತ್ತೆ ಹೊರಡುತ್ತದೆ. ಬಿಡದೆ ತಿರುಗಬೇಕಾದದ್ದಕ್ಕೆ ಒಂದೇ ವೇಗದ ಲಿನಿಯರ್ ಕೀಫ್ರೇಮೇ ಸರಿ. ಇನ್ನೊಂದು ಕಾರಣ ಕೊನೆಯ ಫ್ರೇಮ್. 25 ಫ್ರೇಮ್ ವೇಗದಲ್ಲಿ 8 ಸೆಕೆಂಡ್ ಅಂದರೆ 200 ಫ್ರೇಮ್, 0ಯಿಂದ 199ರ ವರೆಗೆ. ನೀವು ಒಂದು ಪೂರ್ತಿ ಸುತ್ತಿನ ಕೀಫ್ರೇಮನ್ನು 199ರಲ್ಲಿ ಇಟ್ಟಿದ್ದರೆ, 199 ಮತ್ತು 0 ಎರಡೂ ಒಂದೇ ಚಿತ್ರ. ಅದು ಎರಡು ಸಲ ಬಂದು ಕಣ್ಣಿಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಕೀಫ್ರೇಮನ್ನು 200ರಲ್ಲಿ ಇಡಿ, ರೆಂಡರ್ (ಅಂತಿಮ ವಿಡಿಯೊ ತೆಗೆಯುವುದು) 199ಕ್ಕೆ ನಿಲ್ಲಿಸಿ. ಕಂಪ್ ಅನ್ನು ಸ್ವಲ್ಪ ಉದ್ದ ಮಾಡಿಕೊಂಡು ಕೀಫ್ರೇಮ್ ಇಟ್ಟು ಆಮೇಲೆ ಕತ್ತರಿಸಿದರಾಯಿತು.

ಇನ್ನೂ ಒಂದು ಉಳಿತಾಯ ಇದೆ. ಎಂಟೂ ಎಸಳು ಒಂದೇ ಥರ ಇದ್ದರೆ ಪೂರ್ತಿ ಸುತ್ತು ರೆಂಡರ್ ಮಾಡುವ ಅಗತ್ಯವೇ ಇಲ್ಲ. 45 ಡಿಗ್ರಿ ತಿರುಗಿದರೆ ಒಂದು ಎಸಳು ಪಕ್ಕದ್ದರ ಜಾಗದಲ್ಲಿ ಕೂತು ಹೂವು ಮೊದಲಿನಂತೆಯೇ ಕಾಣುತ್ತದೆ. ನಿಮ್ಮ ವೇಗದಲ್ಲಿ ಅದಕ್ಕೆ ಬೇಕಾದದ್ದು ಒಂದು ಸೆಕೆಂಡ್, 25 ಫ್ರೇಮ್. ಎಸಳಿಗೆ ಒಂದು ಬಿಟ್ಟು ಒಂದು ಕೆಂಪು, ಹಳದಿ ಹಾಕಿದ್ದರೆ 90 ಡಿಗ್ರಿ, ಎರಡು ಸೆಕೆಂಡ್. ನಡುವಿನ ನಕ್ಷತ್ರಕ್ಕೆ ಐದು ಮೂಲೆ, ಅದು ತನ್ನಂತೆ ಕಾಣಲು 72 ಡಿಗ್ರಿ ಬೇಕು. ಹಾಗಾಗಿ ಒಂದೇ ಸೆಕೆಂಡಿನ ಲೂಪ್‌ನಲ್ಲಿ ಎಸಳು 45, ನಕ್ಷತ್ರ ಎದುರು ದಿಕ್ಕಿಗೆ 72 ತಿರುಗಲಿ. ಎರಡೂ ಒಟ್ಟಿಗೆ ಕೂಡಿಕೊಳ್ಳುತ್ತವೆ, ನೋಡಲೂ ಹಿತ. ಪಣತಿಯ ಜ್ವಾಲೆ ಅಲ್ಲಾಡುತ್ತಿದ್ದರೆ ಅದೂ ಒಂದು ಸೆಕೆಂಡಿಗೆ ಮೊದಲ ರೂಪಕ್ಕೆ ಬರಬೇಕು, ಎಂಟರದ್ದೂ ಒಂದೇ ತಾಳದಲ್ಲಿ.

ಕೇಳದೆ ಇದ್ದರೂ ಒಂದು ಮಾತು, ಆಗಸ್ಟ್ 15ರ ವಿಡಿಯೊ ಹೇಗೂ ಮಾಡುತ್ತೀರಿ. ಅಶೋಕ ಚಕ್ರಕ್ಕೆ 24 ಅರ, ಅರಕ್ಕೂ ಅರಕ್ಕೂ 15 ಡಿಗ್ರಿ. ಸೆಕೆಂಡಿಗೆ ಒಂದು ಸುತ್ತು ಇರಲಿ ಅಂತ ಕೊಟ್ಟರೆ 25 ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೆ 14.4 ಡಿಗ್ರಿ ಆಗುತ್ತದೆ. ಪ್ರತಿ ಅರವೂ ಮುಂದಿನದರ ಜಾಗಕ್ಕೆ ಬರಲು 0.6 ಡಿಗ್ರಿ ಕಡಿಮೆ. ಕಣ್ಣು ಏನು ಮಾಡುತ್ತದೆ ಗೊತ್ತಾ? ಮುಂದಿನ ಅರವೇ 0.6 ಡಿಗ್ರಿ ಹಿಂದೆ ಸರಿಯಿತು ಅಂದುಕೊಳ್ಳುತ್ತದೆ. ಹಾಗಾಗಿ ಚಕ್ರ 24 ಸೆಕೆಂಡಿಗೆ ಒಂದು ಸುತ್ತಿನಂತೆ ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ಹೋಗುತ್ತದಲ್ಲ, ಅದೇ. ಫ್ರೇಮಿಗೆ 7.5 ಡಿಗ್ರಿ, ಅಂದರೆ ಸೆಕೆಂಡಿಗೆ 187.5 ಡಿಗ್ರಿ ಗಡಿ. ಅದಕ್ಕಿಂತ ಸಾಕಷ್ಟು ಕೆಳಗೇ ಇರಿ. ನಾನು 90 ದಾಟಿಸುವುದಿಲ್ಲ.

ಕೊನೆಗೆ ಎಸ್‌ವಿಜಿ. ಬ್ರೌಸರಿಗೆ ತಿರುಗಿಸು ಅಂದರೆ ಎಸ್‌ವಿಜಿ ಆಕಾರಗಳನ್ನು ಅದು ಚಿತ್ರದ 0, 0 ಬಿಂದುವಿನ ಸುತ್ತ ತಿರುಗಿಸುತ್ತದೆ. ಸಾಮಾನ್ಯವಾಗಿ ಅದು ಮೇಲಿನ ಎಡ ಮೂಲೆ. ಮಾಮೂಲಿ ಎಚ್‌ಟಿಎಂಎಲ್ ಡಬ್ಬಿಗಳು ತಮ್ಮ ನಡುವಿನ ಸುತ್ತ ತಿರುಗುತ್ತವೆ, ಅದನ್ನೇ ಇಲ್ಲೂ ನಿರೀಕ್ಷಿಸಿ ಮೋಸ ಹೋಗುತ್ತೇವೆ. ಹೂವಿನ ಕೇಂದ್ರ 150, 100ರಲ್ಲಿದೆ, ಎಸಳಿನ ತುದಿ 200, 100ರಲ್ಲಿದೆ ಅನ್ನಿ. 90 ಡಿಗ್ರಿ ತಿರುಗಿದರೆ ತುದಿ ಕೇಂದ್ರದ ಕೆಳಗೆ, 150, 150ಕ್ಕೆ ಬರಬೇಕು. ಮೂಲೆಯ ಸುತ್ತ ತಿರುಗಿದರೆ -100, 200ಕ್ಕೆ ಹೋಗುತ್ತದೆ, ಪರದೆಯ ಎಡಕ್ಕೆ, ಹೊರಗೆ. ಹಾರಿಹೋಯಿತು ಅಂದಿರಲ್ಲ, ಹೋದದ್ದು ಅಲ್ಲಿಗೆ.

ರೊಟೇಟ್ ಬರೆಯುವಾಗ ಡಿಗ್ರಿಯ ಜೊತೆಗೆ ಕೇಂದ್ರದ ಎರಡು ಸಂಖ್ಯೆ ಕೊಟ್ಟರೆ, ಅಂದರೆ 90, 150, 100 ಅಂತ ಮೂರು ಬರೆದರೆ ಎಸ್‌ವಿಜಿಯ ಟ್ರಾನ್ಸ್‌ಫಾರ್ಮ್ ಆಟ್ರಿಬ್ಯೂಟ್‌ನಲ್ಲಿ ಕೆಲಸ ನಡೆಯುತ್ತದೆ. ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ಅಲಂಕಾರದ ಭಾಷೆ) ಆದರೆ ಟ್ರಾನ್ಸ್‌ಫಾರ್ಮ್ ಬಾಕ್ಸ್‌ಗೆ ಫಿಲ್ ಬಾಕ್ಸ್, ಟ್ರಾನ್ಸ್‌ಫಾರ್ಮ್ ಆರಿಜಿನ್‌ಗೆ ಸೆಂಟರ್ ಅಂತ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಇಡೀ ಹೂವಿನ ಗುಂಪಿಗೆ ಕೊಡಿ. ಒಂದೊಂದು ಎಸಳಿಗೆ ಕೊಟ್ಟರೆ ಒಂದೊಂದೂ ತನ್ನ ನಡುವಿನ ಸುತ್ತ ಗಿರಗಿರ ತಿರುಗುತ್ತದೆ. ನಕ್ಷತ್ರಕ್ಕೆ ಕೊಟ್ಟರೆ ಮತ್ತದೇ ಚೌಕಟ್ಟಿನ ನಡು, ಮತ್ತದೇ ತೂರಾಟ. ನಾನು ಮಾಡುವುದು ಇನ್ನೂ ಸರಳ. ಹೊಸ ಎಸ್‌ವಿಜಿ ಶುರು ಮಾಡುವಾಗಲೇ ವ್ಯೂ ಬಾಕ್ಸ್ ಅನ್ನು, ಅಂದರೆ ಚಿತ್ರದಲ್ಲಿ ಕಾಣುವ ಚೌಕವನ್ನು, -400, -400, 800, 800 ಅಂತ ಇಡುತ್ತೇನೆ. ಆಗ 0, 0 ಚಿತ್ರದ ನಟ್ಟನಡುವೆ ಬರುತ್ತದೆ. ಹೂವನ್ನು ಅದರ ಸುತ್ತ ಬರೆದರೆ ಆರಿಜಿನ್ ಅಂತ ಒಂದು ಸಾಲೂ ಬರೆಯಬೇಕಿಲ್ಲ. ಈಗಿರುವ ಫೈಲಿಗಾದರೆ ಇಡೀ ಹೂವನ್ನು ಒಂದು ಗುಂಪಿನಲ್ಲಿಟ್ಟು, ಆ ಗುಂಪಿಗೆ -150, -100ರ ಟ್ರಾನ್ಸ್‌ಲೇಟ್ (ಸರಿಸುವ ಆಜ್ಞೆ) ಕೊಡಿ, ರೊಟೇಶನ್ನನ್ನು ಅದರ ಹೊರಗಿನ ಇನ್ನೊಂದು ಗುಂಪಿಗೆ ಹಾಕಿ. ಹೂವು ಮೂಲೆಯಿಂದ ಮತ್ತೆ ತನ್ನ ಜಾಗಕ್ಕೆ ಬರಲು, ಎಲ್ಲಕ್ಕೂ ಹೊರಗಿನ ಮೂರನೆಯ ಗುಂಪಿಗೆ 150, 100ರ ಟ್ರಾನ್ಸ್‌ಲೇಟ್ ಕೊಡಿ.